ಅಂಚೆಚೀಟಿಯ ಹರಾಜು: ಕೂಗುವವರು ಯಾರು, ಕಳೆದುಕೊಳ್ಳುವವರು ಯಾರು?

ನಮ್ಮ ಕರಾವಳಿಯಲ್ಲಿ ಹರಾಜಿಗೆ ಏಲಂ ಎನ್ನುತ್ತಾರೆ. ದೇವಸ್ಥಾನಕ್ಕೆ ಬಂದ ಹಲಸಿನ ಹಣ್ಣು, ಬಾಳೆಗೊನೆಗಳನ್ನು ಅಂಗಳದಲ್ಲಿಟ್ಟು ಏಲಂ ಕೂಗುವಾಗ ಊರಿಗೆ ಊರೇ ಸುತ್ತ ನಿಂತಿರುತ್ತದೆ. ಯಾರು ಕೂಗಿದರು, ಎಷ್ಟಕ್ಕೆ ಕೂಗಿದರು, ಯಾರ ಮೇಲಿನ ಹಟಕ್ಕೆ ಏರಿಸಿದರು ಎಂಬುದೆಲ್ಲ ಎಲ್ಲರಿಗೂ ಗೊತ್ತು. ಹಾಗಾಗಿ ಏಲಂನಲ್ಲಿ ಹೋಯಿತು ಎಂದರೆ ನ್ಯಾಯವಾದ ಬೆಲೆಗೇ ಹೋಯಿತು ಎಂದು ನಾವು ನಂಬುತ್ತೇವೆ. ಅಪರೂಪದ ಅಂಚೆಚೀಟಿಗಳ ಹರಾಜಿನ ಚರಿತ್ರೆಯನ್ನು ಓದುತ್ತ ಹೋದಂತೆ, ಆ ನಂಬಿಕೆಯನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು ಎಂದು ನನಗೆ ಅನಿಸಿದೆ.

ಸ್ಟ್ಯಾಂಪು ಕೂಡಿಡುವುದು ನನ್ನ ಬಹಳ ವರ್ಷಗಳ ಹವ್ಯಾಸ. ಇದು ತಿಳಿದಿರುವ ಗೆಳತಿಯರು ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ: “ಇವರು ಕೂಡಿಟ್ಟ ಆಲ್ಬಂಗಳು ಕಪಾಟಿನಲ್ಲಿವೆ. ಮಕ್ಕಳಿಗೆ ಆಸಕ್ತಿಯಿಲ್ಲ. ಏನು ಮಾಡಲಿ?” ಕೂಡಿಡುವವರು ಹೆಚ್ಚಾಗಿ ಗಂಡಸರು, ಕೊನೆಗೆ ಮಾರಬೇಕಾದವರು ಹೆಚ್ಚಾಗಿ ಹೆಂಡತಿ, ಮಗಳು, ಸೊಸೆ. ಅದಕ್ಕಾಗಿಯೇ ಈ ಚರಿತ್ರೆ ನಮ್ಮ ಮಹಿಳಾ ವೇದಿಕೆಗೆ ಸಂಬಂಧಪಟ್ಟದ್ದು ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಹಳೆಯದೆಲ್ಲ ಅಪರೂಪವಲ್ಲ. ಜಗತ್ತಿನ ಮೊದಲ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಬ್ರಿಟನ್ನಿನಲ್ಲಿ 1840ರ ಮೇ 6ರಂದು ಬಳಕೆಗೆ ಬಂತು. ಆರು ಕೋಟಿಗೂ ಹೆಚ್ಚು ಪ್ರತಿಗಳು ಅಚ್ಚಾದವು. ಇಂದಿಗೂ ಸಾಕಷ್ಟು ಸಿಗುತ್ತವೆ. ಬ್ರಿಟಿಷ್ ಗಯಾನಾದಲ್ಲಿ 1856ರಲ್ಲಿ ಹೊರಟ ಒಂದು ಸೆಂಟಿನ ಕಡುಗೆಂಪು ಚೀಟಿಯದು ಬೇರೆ ಕಥೆ. ಉಳಿದಿರುವುದು ಒಂದೇ ಒಂದು. 1873ರಲ್ಲಿ ಅದು ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಮನೆಯ ಹಳೆಯ ಕಾಗದಗಳಲ್ಲಿ ಸಿಕ್ಕಿತು. ಅವನು ಅದನ್ನು ಆರು ಶಿಲಿಂಗಿಗೆ ಮಾರಿದ. ಅದೇ ಚೀಟಿ 1922ರಲ್ಲಿ ಪ್ಯಾರಿಸ್ಸಿನ ಹರಾಜಿಗೆ ಬಂತು. 1980ರಲ್ಲಿ 9,35,000 ಡಾಲರಿಗೆ, 2014ರಲ್ಲಿ ಸುಮಾರು 94.8 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಮತ್ತೆ ಹರಾಜಾದಾಗ ಸಿಕ್ಕಿದ್ದು ಸುಮಾರು 83 ಲಕ್ಷ ಡಾಲರ್. ಅಪರೂಪದ ಚೀಟಿಯ ಬೆಲೆ ಏರುತ್ತಲೇ ಇರುತ್ತದೆ ಎನ್ನುವವರು ಈ ಕೊನೆಯ ಸಂಖ್ಯೆಯನ್ನು ಹೇಳುವುದಿಲ್ಲ.

ಇಂಥ ವಸ್ತುವಿಗೆ ಅಂಗಡಿಯ ಬೆಲೆ ಎಂಬುದಿಲ್ಲ. ಹೋಲಿಸಿ ನೋಡಲು ಇನ್ನೊಂದು ಇಲ್ಲದಿದ್ದಾಗ, ಕೊಳ್ಳುವವರು ಪೈಪೋಟಿಯಲ್ಲಿ ಎಷ್ಟು ಕೂಗುತ್ತಾರೋ ಅಷ್ಟೇ ಬೆಲೆ. ಹರಾಜು ಬೇಕಾಗುವುದು ಅದಕ್ಕೇ. ಅನುಮಾನ ಹುಟ್ಟುವುದೂ ಅಲ್ಲಿಯೇ: ಆ ಪೈಪೋಟಿ ನಿಜವಾದದ್ದೇ?

ಹರಾಜಿನಲ್ಲಿ ಕಣ್ಣಿಗೆ ಕಾಣದ ಕೆಲವು ಸಂಗತಿಗಳಿವೆ; ಅವುಗಳಲ್ಲಿ ಎಲ್ಲವೂ ಮೋಸವಲ್ಲ. ಮಾರುವವರು ಇದಕ್ಕಿಂತ ಕಡಿಮೆಗೆ ಕೊಡಬೇಡಿ ಎಂದು ಗುಟ್ಟಾಗಿ ತಿಳಿಸುವ ಕನಿಷ್ಠ ಬೆಲೆ ಒಂದು. ಕೂಗುವವನು ಆ ಬೆಲೆ ಮುಟ್ಟುವವರೆಗೆ, ಯಾರೂ ಕೈಯೆತ್ತದಿದ್ದರೂ ಯಾರೋ ಎತ್ತಿದಂತೆ ಏರಿಸುತ್ತ ಹೋಗುವ ಪದ್ಧತಿ ಅನೇಕ ಕಡೆ ಇದೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಹೆಚ್ಚುವರಿ ಹಣ ಇನ್ನೊಂದು. 2014ರಲ್ಲಿ ಗಯಾನಾ ಚೀಟಿಗೆ ಸುತ್ತಿಗೆ ಬಿದ್ದದ್ದು 79 ಲಕ್ಷ ಡಾಲರಿಗೆ. ಸಂಸ್ಥೆಯ ಪಾಲು ಸೇರಿ 94.8 ಲಕ್ಷವಾಯಿತು. ಪತ್ರಿಕೆಯಲ್ಲಿ ಬರುವುದು ಈ ದೊಡ್ಡ ಸಂಖ್ಯೆ. ಮಾರಿದವರ ಲೆಕ್ಕ ಶುರುವಾಗುವುದು ಸಣ್ಣ ಸಂಖ್ಯೆಯಿಂದ. ಅದರಲ್ಲೂ ಅವರ ಕಡೆಯ ಕಮಿಷನ್ ಕಳೆಯುವುದುಂಟು. ಕೊಂಡವರ ಹೆಸರನ್ನು ಮುಚ್ಚಿಡುವುದೂ ರೂಢಿ. ಕಳ್ಳರ ಭಯವಿರುವವರಿಗೆ ಅದು ರಕ್ಷಣೆ. ಬೆಲೆಯನ್ನು ಪರೀಕ್ಷಿಸಬೇಕೆನ್ನುವವರಿಗೆ ಅದೇ ಗೋಡೆ.

ನಮ್ಮ ದೇಶದ ಚೀಟಿಗಳಲ್ಲಿ ಬಹಳ ಹೆಸರಾದದ್ದು 1948ರ ಆಗಸ್ಟ್ 15ರಂದು ಹೊರಟ ಗಾಂಧೀಜಿಯವರ ಹತ್ತು ರೂಪಾಯಿಯ ಚೀಟಿ. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಆ ನಾಲ್ಕು ಚೀಟಿಗಳ ಮಾಲಿಕೆಯಲ್ಲಿ ನೂರು ಸೆಟ್ಟುಗಳ ಮೇಲೆ ಮಾತ್ರ ‘ಸರ್ವಿಸ್’ ಎಂಬ ಪದವನ್ನು ಅಚ್ಚುಹಾಕಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಡಲಾಯಿತು. ಆಗ ಆ ಹುದ್ದೆಯಲ್ಲಿದ್ದವರು ರಾಜಾಜಿ. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು ಎಂಬ ಸುದ್ದಿಯನ್ನು ನಮ್ಮಲ್ಲಿ ಹಲವರು ಓದಿರಬಹುದು. ಅದು ಹರಾಜಲ್ಲ, ಖಾಸಗಿ ಮಾರಾಟ. ಬೆಲೆ ಜಗತ್ತಿಗೆ ತಿಳಿದದ್ದು ಮಾರಿದವರು ಹೇಳಿದ್ದರಿಂದ. ಮಾಮೂಲಿ ಹತ್ತು ರೂಪಾಯಿಯ ಚೀಟಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಕಪ್ಪು ಪದ ಮಾತ್ರ. ಆ ಪದವನ್ನು ನಕಲಿಯಾಗಿ ಅಚ್ಚು ಹಾಕುವವರು ಇದ್ದೇ ಇದ್ದಾರೆ. ಹಾಗಾಗಿ ತಜ್ಞರ ಪ್ರಮಾಣಪತ್ರವಿಲ್ಲದೆ ಇದನ್ನು ಯಾರೂ ಮುಟ್ಟುವುದಿಲ್ಲ.

ಇನ್ನು ನಿಜವಾದ ಮೋಸಕ್ಕೆ ಬರೋಣ. 1990ರ ದಶಕದಲ್ಲಿ ನ್ಯೂಯಾರ್ಕಿನ ಸ್ಟ್ಯಾಂಪು ಹರಾಜುಗಳಲ್ಲಿ ಕೆಲವು ವ್ಯಾಪಾರಿಗಳು ಒಳಗೊಳಗೇ ಒಂದು ಕೂಟ ಕಟ್ಟಿಕೊಂಡಿದ್ದರು. ಹರಾಜಿಗೆ ಮುಂಚೆಯೇ ಅವರು ತಮ್ಮೊಳಗೆ ಒಂದು ಗುಟ್ಟಿನ ಹರಾಜು ನಡೆಸುತ್ತಿದ್ದರು. ಪ್ರತಿಯೊಬ್ಬರೂ ತಾವು ಕೊಡಬಲ್ಲ ಬೆಲೆಯನ್ನು ಬರೆದು ಮಧ್ಯವರ್ತಿಗೆ ತಲುಪಿಸಬೇಕು. ಅತಿ ಹೆಚ್ಚು ಬರೆದವನ ಪರವಾಗಿ ಮಾತ್ರ ಸಭಾಂಗಣದಲ್ಲಿ ಕೂಗು. ಉಳಿದವರು ಬಾಯಿ ಮುಚ್ಚಿ ಕೂರಬೇಕು. ಒಂದು ಉದಾಹರಣೆ ಹೇಳುತ್ತೇನೆ. ನಾಲ್ವರು ನಿಜವಾಗಿ ಪೈಪೋಟಿ ಮಾಡಿದ್ದರೆ ಒಂದು ಆಲ್ಬಂ ಒಂಬತ್ತು ಸಾವಿರಕ್ಕೆ ಹೋಗಬೇಕಿತ್ತು ಎಂದುಕೊಳ್ಳಿ. ಮೂವರು ಸುಮ್ಮನಿದ್ದುದರಿಂದ ಐದು ಸಾವಿರಕ್ಕೆ ಸುತ್ತಿಗೆ ಬಿತ್ತು. ಉಳಿದ ನಾಲ್ಕು ಸಾವಿರದಲ್ಲಿ ಸುಮ್ಮನಿದ್ದವರಿಗೂ ಪಾಲು. ಆ ನಾಲ್ಕು ಸಾವಿರ ಯಾರದ್ದು? ಆಲ್ಬಂ ಮಾರಲು ಕೊಟ್ಟು ಮನೆಯಲ್ಲಿ ಕುಳಿತಿದ್ದವರದ್ದು.

ಅಮೆರಿಕ ಸರಕಾರ ಮೊಕದ್ದಮೆ ಹೂಡಿತು, ವ್ಯಾಪಾರಿಗಳು ತಪ್ಪೊಪ್ಪಿಕೊಂಡರು. ಕೂಟದವರೇ ಇಟ್ಟಿದ್ದ ಲೆಕ್ಕದ ಕಾಗದಗಳು ಹೊರಬಂದವು. ಜಾನ್ ಆಸ್ಕರ್ ಎಂಬ ಅರ್ಥಶಾಸ್ತ್ರಜ್ಞರು ಅಂಥ 1,700ಕ್ಕೂ ಹೆಚ್ಚು ಒಳಹರಾಜುಗಳನ್ನು ಅಭ್ಯಾಸ ಮಾಡಿ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿಯೆಂದರೆ, ಕೂಟಕ್ಕೆ ಸೇರದೆ ಪ್ರಾಮಾಣಿಕವಾಗಿ ಕೊಳ್ಳಲು ಬಂದವರಿಗೂ ಮಾರಿದವರಿಗೆ ಆದಷ್ಟೇ ದೊಡ್ಡ ಮಟ್ಟದ ನಷ್ಟವಾಗಿತ್ತು. ಕಾರಣ ಸರಳ. ಒಳಹರಾಜಿನಲ್ಲಿ ಹೆಚ್ಚು ಬರೆದಷ್ಟೂ ಪಾಲಿನ ಆಸೆ ಹೆಚ್ಚು. ಆದ್ದರಿಂದ ತಮಗೆ ಬೇಕಾದುದಕ್ಕಿಂತ ಜಾಸ್ತಿ ಬರೆಯುತ್ತಿದ್ದರು. ಆ ಉಬ್ಬಿದ ಅಂಕಿಯ ಮಿತಿ ಹಿಡಿದು ಕೂಟದ ಪ್ರತಿನಿಧಿ ಕೂಗುವಾಗ ಹೊರಗಿನವರು ಒಂದೋ ಸೋಲಬೇಕು, ಇಲ್ಲವೇ ಹೆಚ್ಚು ಕೊಟ್ಟು ಗೆಲ್ಲಬೇಕು. ಕೊಡುವವರಿಗೂ ಪೆಟ್ಟು, ಕೊಳ್ಳುವವರಿಗೂ ಪೆಟ್ಟು. ಸಭಾಂಗಣದಲ್ಲಿ ಕುಳಿತವರಿಗೆ ಮಾತ್ರ ಎಲ್ಲವೂ ಬಹಿರಂಗವಾಗಿಯೇ ಕಾಣುತ್ತಿತ್ತು!

ಸ್ಪೇನಿನಲ್ಲಿ ನಡೆದದ್ದು ಇನ್ನೊಂದು ಬಗೆ. ಅಫಿನ್ಸಾ, ಫೋರಂ ಫಿಲಾಟೆಲಿಕೊ ಎಂಬ ಎರಡು ಸಂಸ್ಥೆಗಳು ಅಂಚೆಚೀಟಿಯಲ್ಲಿ ಹಣ ಹೂಡಿದರೆ ಇಷ್ಟು ವರ್ಷದಲ್ಲಿ ಇಷ್ಟು ಲಾಭಕ್ಕೆ ನಾವೇ ಮರಳಿ ಕೊಳ್ಳುತ್ತೇವೆ ಎಂದು ಮಾತು ಕೊಟ್ಟವು. ಚೀಟಿಗಳ ನಿಜವಾದ ಬೆಲೆ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಹಳಬರಿಗೆ ಕೊಡುತ್ತಿದ್ದದ್ದು ಹೊಸಬರ ಹಣ. 2006ರ ಮೇ 9ರಂದು ಪೊಲೀಸರು ದಾಳಿ ಮಾಡಿದಾಗ ಲಕ್ಷಾಂತರ ಸಾಮಾನ್ಯ ಜನರ ಉಳಿತಾಯ ಅಲ್ಲಿ ಸಿಕ್ಕಿಬಿದ್ದಿತ್ತು. ಅಂದರೆ ಹರಾಜನ್ನು ಬಿಟ್ಟು, ಒಬ್ಬರೇ ಬೆಲೆ ಕಟ್ಟುವಲ್ಲಿಗೆ ಹೋದರೆ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ದಾರಿಯೇನು? ಎಥೆಲ್ ಮೆಕಾಯ್ ಎಂಬ ಅಮೆರಿಕದ ಮಹಿಳೆಯ ಕಥೆ ಇದಕ್ಕೆ ಒಂದು ಉತ್ತರ ಕೊಡುತ್ತದೆ. 1918ರಲ್ಲಿ ವಿಮಾನದ ಚಿತ್ರ ತಲೆಕೆಳಗಾಗಿ ಅಚ್ಚಾದ ನೂರು ಚೀಟಿಗಳ ಒಂದೇ ಒಂದು ಹಾಳೆ ಮಾರಾಟವಾಗಿತ್ತು. ಅದನ್ನು ಬಿಡಿಸಿ ಮಾರುವ ಮುನ್ನ ಒಬ್ಬ ವ್ಯಾಪಾರಿ ಪ್ರತಿ ಚೀಟಿಯ ಬೆನ್ನ ಮೇಲೂ ಹಾಳೆಯಲ್ಲಿ ಅದರ ಸ್ಥಾನದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟ. ಮೆಕಾಯ್ 1936ರಲ್ಲಿ ಅವುಗಳಲ್ಲಿ ನಾಲ್ಕು ಚೀಟಿಗಳ ಒಂದು ಕಟ್ಟನ್ನು 16,000 ಡಾಲರಿಗೆ ಕೊಂಡರು. 1955ರಲ್ಲಿ ಒಂದು ಪ್ರದರ್ಶನದಲ್ಲಿ ಅದು ಕಳುವಾಯಿತು. ಕಳ್ಳರು ನಾಲ್ಕನ್ನೂ ಬಿಡಿಸಿದರು, ಗುರುತು ಸಿಗದಂತೆ ಅಂಚುಗಳನ್ನು ತಿದ್ದಿದರು. ಆದರೂ ಪ್ರತಿ ಚೀಟಿಯ ಸ್ಥಾನ ದಾಖಲಾಗಿದ್ದರಿಂದ ಅವುಗಳಲ್ಲಿ ಮೂರು ಒಂದೊಂದಾಗಿ ಸಿಕ್ಕಿಬಿದ್ದವು. ಮೆಕಾಯ್ 1979ರಲ್ಲಿ ತಮ್ಮ ಹಕ್ಕನ್ನು ಒಂದು ಅಂಚೆಚೀಟಿ ಗ್ರಂಥಾಲಯಕ್ಕೆ ದಾನವಾಗಿ ಬರೆದುಕೊಟ್ಟರು. ಮೂರನೆಯದು 2016ರಲ್ಲಿ, ಕಳುವಾಗಿ ಅರವತ್ತು ವರ್ಷಗಳ ಮೇಲೆ, ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದು ಪತ್ತೆಯಾಯಿತು. ಅದನ್ನು ತಂದ ಯುವಕನಿಗೆ ಅದು ತಾತನಿಂದ ಬಂದದ್ದು. ಅವನಿಗೆ ಏನೂ ಗೊತ್ತಿರಲಿಲ್ಲ. ಕೂಟದವರನ್ನು ಹಿಡಿದುಕೊಟ್ಟದ್ದೂ ಕಾಗದ, ಮೆಕಾಯ್ ಅವರ ಆಸ್ತಿಯನ್ನು ಉಳಿಸಿದ್ದೂ ಪೆನ್ಸಿಲಿನ ಗುರುತು.

ನಮ್ಮ ಮನೆಗಳಲ್ಲಿ ಗಯಾನಾದ ಚೀಟಿ ಇರಲಿಕ್ಕಿಲ್ಲ. ಆದರೆ ಬೀದರ್, ಕಲಬುರಗಿ, ರಾಯಚೂರಿನ ಕಡೆಯ ಕುಟುಂಬಗಳ ಹಳೆಯ ಟ್ರಂಕಿನಲ್ಲಿ ನಿಜಾಮನ ಕಾಲದ ಚೀಟಿ ಅಂಟಿಸಿದ ಪತ್ರಗಳು ಇರಬಹುದು. ಅವುಗಳಿಂದ ಚೀಟಿಯನ್ನು ಕಿತ್ತು ತೆಗೆಯಬೇಡಿ. ಎಷ್ಟೋ ಸಲ ಲಕೋಟೆ ಸಮೇತ ಇದ್ದರೇ ಬೆಲೆ. ಯಾರಿಗಾದರೂ ಆಲ್ಬಂ ಕೊಡುವ ಮುನ್ನ ಪುಟಪುಟವನ್ನೂ ಫೋಟೋ ತೆಗೆಯಿರಿ, ಪಟ್ಟಿ ಮಾಡಿ, ಆ ಪಟ್ಟಿಯ ಮೇಲೆಯೇ ರಸೀದಿ ಬರೆಸಿಕೊಳ್ಳಿ. ಕನಿಷ್ಠ ಬೆಲೆ ಎಷ್ಟು, ಕಮಿಷನ್ ಎಷ್ಟು, ಮಾರಾಟವಾಗದಿದ್ದರೆ ಯಾವಾಗ ಹಿಂದಿರುಗಿಸುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಅದೇ ಬಗೆಯ ಚೀಟಿಗಳು ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋದವೆಂಬ ಪಟ್ಟಿ ಕೇಳಿ ನೋಡಿ. ಪರಸ್ಪರ ಪರಿಚಯವಿಲ್ಲದ ಇಬ್ಬರು ಮೂವರಿಗೆ ಬೇರೆ ಬೇರೆ ದಿನ ತೋರಿಸಿ.

“ಅಷ್ಟೆಲ್ಲ ಕೇಳಿದರೆ ಏನೆಂದುಕೊಳ್ಳುತ್ತಾರೋ” ಎಂದು ನಮ್ಮವರು ಹಿಂಜರಿಯುತ್ತಾರೆ. ಸರಿಯಾಗಿ ವ್ಯಾಪಾರ ಮಾಡುವವರು ಏನೂ ಅಂದುಕೊಳ್ಳುವುದಿಲ್ಲ. ಉತ್ತರ ಬರೆದು ಕೊಡುತ್ತಾರೆ. ಮುಖ ಸಿಂಡರಿಸಿದವರಿಂದ ಆಲ್ಬಂ ವಾಪಸು ತೆಗೆದುಕೊಂಡು ಬನ್ನಿ. ಕಪಾಟಿನಲ್ಲಿ ಇನ್ನೊಂದು ವರ್ಷ ಇದ್ದರೆ ಅದಕ್ಕೇನೂ ಆಗುವುದಿಲ್ಲ.