ಮ್ಯಾಂಚೆಸ್ಟರಿನ ಮಳೆಗೆರೆಯಿಂದ ಕನ್ನಡದ ವೆಬ್ ಪುಟದವರೆಗೆ

ವೆಬ್ ಪುಟ ಬರೆಯಲು ಕಲಿಯುವ ಮಕ್ಕಳು ಮೊದಲ ವಾರವೇ ಗೊಣಗುತ್ತಾರೆ: "ಒಂದು ಚಿಹ್ನೆ ತಪ್ಪಿದರೆ ಇಷ್ಟೊಂದು ರಗಳೆಯೇ?" ಅವರಿಗೆ ಹೇಳಬೇಕಾದ ಕಥೆ ನಮ್ಮ ಡಿಡ್ಸ್‌ಬರಿಗೆ ಹತ್ತಿರದಲ್ಲೇ ನಡೆದದ್ದು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1948ರ ಜೂನ್ 21ರಂದು 'ಬೇಬಿ' ಎಂಬ ಕಂಪ್ಯೂಟರ್, ತನ್ನ ಎಲೆಕ್ಟ್ರಾನಿಕ್ ಸ್ಮೃತಿಯಲ್ಲೇ ಇರಿಸಿಕೊಂಡ ಪ್ರೋಗ್ರಾಂ ಒಂದನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ನಡೆಸಿತು. ಟಾಮ್ ಕಿಲ್ಬರ್ನ್ ಬರೆದ ಅದರಲ್ಲಿದ್ದುದು 17 ಆದೇಶಗಳು. ಉತ್ತರಕ್ಕೆ ಹಿಡಿದದ್ದು 52 ನಿಮಿಷ.

ಅದರ ಮುಂದಿನ ಪೀಳಿಗೆಯೇ 1951ರ ಫೆರಾಂಟಿ ಮಾರ್ಕ್ 1. ಟೆಲಿಪ್ರಿಂಟರಿನ 32 ಚಿಹ್ನೆಗಳೇ ಅದರ ಲಿಪಿ: 26 ಇಂಗ್ಲಿಷ್ ಅಕ್ಷರಗಳು, ಜೊತೆಗೆ ಪೌಂಡ್, ಓರೆಗೆರೆ ಮುಂತಾದ ಆರು. ಯಾವುದಕ್ಕೆ ಯಾವ ಬೆಲೆ ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕು. ಸಂಖ್ಯೆಗಳನ್ನು ಬಿಡಿ ಸ್ಥಾನದಿಂದ ಶುರುಮಾಡಿ ಹಿಂದುಮುಂದಾಗಿ ಬರೆಯಬೇಕು. ಸೊನ್ನೆಗೆ ಓರೆಗೆರೆ. ಹಾಳೆ ತುಂಬ ಓರೆಗೆರೆಗಳೇ ಬೀಳುತ್ತಿದ್ದುದರಿಂದ, ಕಿಟಕಿಗೆ ಬಡಿಯುವ ಮ್ಯಾಂಚೆಸ್ಟರಿನ ಮಳೆಯಂತಿದೆ ಎಂದು ನಗೆಯಾಡುತ್ತಿದ್ದರಂತೆ.

ಈ ಲಿಪಿ ಕಲಿತವರಲ್ಲಿ ಒಬ್ಬರು ಮೇರಿ ಲೀ ವುಡ್ಸ್. 1924ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಅಲ್ಲೇ ಗಣಿತ ಓದಿ, 1951ರಲ್ಲಿ ಫೆರಾಂಟಿ ಸೇರಿದರು. ಅದೇ ಕೆಲಸಕ್ಕೆ ಗಂಡಸರಿಗೆ ಹೆಚ್ಚು ಸಂಬಳವೆಂದು ತಿಳಿದಾಗ ಹೆಂಗಸರಿಗೂ ಸಮಾನ ವೇತನ ಬೇಕೆಂದು ವಾದಿಸಿ ಗೆದ್ದರು. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

1954ರಲ್ಲಿ ಟೋನಿ ಬ್ರೂಕರ್ ಮಾರ್ಕ್ 1ಕ್ಕೆ 'ಆಟೋಕೋಡ್' ರಚಿಸಿದರು. ಶಾಲೆಯ ಬೀಜಗಣಿತದಂತೆ ಸೂತ್ರ ಬರೆದರೆ ಯಂತ್ರವೇ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತಿತ್ತು. ಅದೇ ವರ್ಷ ಮೇರಿ, ಫೆರಾಂಟಿಯಲ್ಲೇ ಇದ್ದ ಗಣಿತಜ್ಞ ಕಾನ್ವೇ ಬರ್ನರ್ಸ್-ಲೀ ಅವರನ್ನು ಮದುವೆಯಾದರು. 1955ರಲ್ಲಿ ಹುಟ್ಟಿದ ಮಗನೇ ಟಿಮ್. 1989ರಲ್ಲಿ ಜಿನೀವಾ ಬಳಿಯ ಸೆರ್ನ್‌ನಲ್ಲಿ ವೆಬ್‌ನ ಯೋಜನೆ ಮುಂದಿಟ್ಟವರು.

ತಾಯಿಯ ಕಾಲದ ಭಾಷೆ ಗಣಿತಜ್ಞರಿಗಷ್ಟೇ. ಮಗನ ಎಚ್‌ಟಿಎಂಎಲ್ ಯಾರಿಗಾದರೂ ಎಟುಕುವಂಥದು. 1991ರ ವಿವರಣೆಯಲ್ಲಿದ್ದ ಗುರುತುಗಳು ಸುಮಾರು 20. ಕೋನಾಕಾರದ ಆವರಣದಲ್ಲಿ ಗುರುತನ್ನು ತೆರೆದು, ಮಾತು ಬರೆದು, ಅದೇ ಗುರುತಿಗೆ ಓರೆಗೆರೆ ಸೇರಿಸಿ ಮುಚ್ಚಬೇಕು. 'ಪಿ' ಎಂದರೆ ಪ್ಯಾರಾ, 'ಎಚ್1' ಎಂದರೆ ದೊಡ್ಡ ತಲೆಬರಹ. ಡಬ್ಬಿಯೊಳಗೆ ಡಬ್ಬಿ ಇಟ್ಟಾಗ ಒಳಗಿನದರ ಮುಚ್ಚಳವನ್ನು ಮೊದಲು ಹಾಕುವಂತೆ, ಒಳಗಿನ ಗುರುತನ್ನು ಮೊದಲು ಮುಚ್ಚಬೇಕು. ಸಣ್ಣ ತಪ್ಪನ್ನು ಬ್ರೌಸರ್ ಸಹಿಸಿಕೊಳ್ಳುತ್ತದೆ. 1995ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಮಾತ್ರ ಅಷ್ಟು ಉದಾರಿಯಲ್ಲ: ಒಂದು ಆವರಣ ಮರೆತರೂ ಪ್ರೋಗ್ರಾಂ ಓಡುವುದಿಲ್ಲ.

ಇದರಲ್ಲಿ ಕನ್ನಡಕ್ಕೆ ಎಡೆ ಎಲ್ಲಿ? 1990ರ ದಶಕದಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ವೇಷ ಹಾಕಿಕೊಂಡಿದ್ದವು. ಓದುವವರಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. 1991ರ ಯುನಿಕೋಡ್ ಮೊದಲ ಆವೃತ್ತಿಯೇ ಕನ್ನಡಕ್ಕೆ 128 ಸ್ಥಾನಗಳ ಪಂಕ್ತಿಯನ್ನು ಕೊಟ್ಟಿತ್ತು. ಅದು ಮನೆಮನೆಗೆ ತಲುಪಲು ವರ್ಷಗಳೇ ಹಿಡಿದವು. ಇಂದು ಪುಟದ ಆರಂಭದಲ್ಲಿ ಭಾಷೆ 'ಕೆಎನ್', ಅಕ್ಷರಸಂಕೇತ 'ಯುಟಿಎಫ್-8' ಎಂದು ಬರೆದರೆ ಸಾಕು. ಕಣ್ಣು ಮಂಜಾದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡವೆಂದು ತಿಳಿಯುತ್ತದೆ.

ನಮ್ಮ ಮಕ್ಕಳಿಗೆ ಎಚ್‌ಟಿಎಂಎಲ್ ಬರುತ್ತದೆ, ಕನ್ನಡ ಅಷ್ಟಾಗಿ ಬಾರದು, ನಮ್ಮದು ತದ್ವಿರುದ್ಧ. ಪೆಟ್ಟಿಗೆಯಲ್ಲಿರುವ ಅಜ್ಜಿಯ ಕಾಗದಗಳನ್ನು ಓದಬಲ್ಲವರು ನಾವೇ ಕೊನೆಯವರಾಗಬಾರದು. ಒಂದು ಭಾನುವಾರ ಮಕ್ಕಳ ಪಕ್ಕದಲ್ಲಿ ಕೂತು ಒಂದು ಕಾಗದವನ್ನಾದರೂ ಪುಟಕ್ಕಿಳಿಸೋಣ. ಅವರು ಗುರುತು ಹಾಕಲಿ, ನಾವು ಓದಿ ಹೇಳೋಣ.