ಕಂಪನಿ ನಾಟಕದ ‘ಒನ್ಸ್ ಮೋರ್’

ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆಯುವಾಗ ನಾವು ಕಂಪನಿಗಳ ಏಳುಬೀಳುಗಳನ್ನು ಹೇಳುತ್ತೇವೆ, ನಟನಟಿಯರ ಬಾಳನ್ನು ಹೇಳುತ್ತೇವೆ. ಆ ನಾಟಕಗಳ ಹಾಡನ್ನು ಕೇಳಿದವರ ಮಾತು ಮಾತ್ರ ಬದಿಗೆ ಉಳಿಯುತ್ತದೆ. ಕಂಪನಿ ಹಾಡಿಗೆ ಮನಸೋತವನಾದ ನಾನು ಆ ಕೇಳುಗರನ್ನು ಕುರಿತು, ಅದರಲ್ಲಿಯೂ ದಾವಣಗೆರೆಯ ಕೇಳುಗರನ್ನು ಕುರಿತು, ನಾಲ್ಕು ಮಾತು ಹೇಳಬಯಸುತ್ತೇನೆ.

ಹರಿಹರದ ಬಳಿ ತುಂಗಭದ್ರೆಯು 1956ರವರೆಗೆ ಎರಡು ರಾಜ್ಯಗಳ ಗಡಿಯಾಗಿದ್ದಿತು. ಈಚೆ ದಡ ಮೈಸೂರು. ಆಚೆ ದಡ ಮುಂಬಯಿಗೆ ಸೇರಿದ ಧಾರವಾಡ ಜಿಲ್ಲೆ. ಸಂಗೀತಕ್ಕೂ ಹೆಚ್ಚುಕಡಿಮೆ ಇದೇ ಗಡಿ. ಮೈಸೂರಿನ ವರದಾಚಾರ್ಯರ ಪರಂಪರೆ ಕರ್ನಾಟಕ ಸಂಗೀತವನ್ನು ನೆಚ್ಚಿದ್ದಿತು. ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿದಂದಿನಿಂದ ಬೆಳೆದ ಮರಾಠಿ ನಾಟ್ಯಸಂಗೀತದ ನೆರಳಿನಲ್ಲಿ ಉತ್ತರದ ಕಂಪನಿಗಳು ಹಿಂದೂಸ್ತಾನಿಗೆ ಒಲಿದವು. ಅಲ್ಲಿಯ ಯಮನ್ ಇಲ್ಲಿಯ ಕಲ್ಯಾಣಿ. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಕಂಡು, 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನಿಂದ ಗುಡಿ ಕಟ್ಟಿಸಿಕೊಂಡ ಸೀಮೆಗೆ ಎರಡು ಬಗೆಯ ಸಂಗೀತ ಭಾರವೆನಿಸಲಿಲ್ಲ.

ದಾವಣಗೆರೆ ಹತ್ತಿಯ ಪೇಟೆಯಾಗಿದ್ದಿತು, ಗಿರಣಿಗಳ ಊರಾಗಿದ್ದಿತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. 1988ರಲ್ಲಿ ಪದ್ಮಶ್ರೀ ಪಡೆದ ಅವರ ಮಗಳು ಚಿಂದೋಡಿ ಲೀಲಾ ಇಲ್ಲಿಯವರು. ತಗಡಿನ ಥಿಯೇಟರಿನಲ್ಲಿ ಮುಂದೆ ವರ್ತಕರು, ಹಿಂದೆ ಗಿರಣಿಯ ಕೆಲಸಗಾರರು, ಹಮಾಲರು. ರಾಗದ ಹೆಸರನ್ನು ಅರಿಯದವರೂ ಅದರ ಜೀವಸ್ವರವನ್ನು ಬಲ್ಲವರು. ಹಾರ್ಮೋನಿಯಮ್ಮಿನ ಮಾಸ್ತರರು ಸ್ವರ ಹಿಡಿದೊಡನೆ ಗದ್ದಲ ಅಡಗುತ್ತಿತ್ತು. ಹಾಡು ಮುಗಿಯಿತೆನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಏಳುತ್ತಿತ್ತು, ‘ಒನ್ಸ್ ಮೋರ್!’

ಸಾಯುತ್ತ ಬಿದ್ದ ನಾಯಕ ಎದ್ದು ನಿಂತು ಮತ್ತೆ ಹಾಡಿ ಮತ್ತೆ ಸಾಯುವುದು ರಸಭಂಗವೆಂದು ವಿಮರ್ಶಕರು ನಕ್ಕರು. ಆ ನಗೆಯಲ್ಲಿ ನ್ಯಾಯವುಂಟು. ಆದರೆ ನಾನು ಕೇಳಿದ ಮಟ್ಟಿಗೆ, ಎರಡನೆಯ ಸಲದ ಹಾಡು ಮೊದಲಿನದೇ ಆಗಿರುತ್ತಿರಲಿಲ್ಲ. ಕೂಗು ಯಾವ ಪಲುಕಿಗೆ ಬಂದಿತೋ ಗಾಯಕ ಅಲ್ಲಿಯೇ ನಿಲ್ಲುತ್ತಿದ್ದ, ಅಲ್ಲಿಯೇ ಹೊಸದೊಂದು ತಾನು ಹುಡುಕುತ್ತಿದ್ದ. ತಬಲಾದವನು ಹುಷಾರಾಗುತ್ತಿದ್ದ. ದಣಿದ ಕಂಠ ಒಡೆದರೆ, ಒಡೆದ ಆ ದನಿಯಲ್ಲಿಯೇ ಪಾತ್ರದ ಸಂಕಟ ಹೆಚ್ಚು ನಿಜವಾಗುತ್ತಿತ್ತು. ಹಾಡಿನ ಈ ಭಾಗಕ್ಕೆ ಕೇಳುಗನೂ ಒಬ್ಬ ಕರ್ತೃ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರುಗಳಂಥವರೂ ಎಳವೆಯಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿದವರೆಂಬುದನ್ನು ನೆನೆದರೆ, ಇಂಥ ಸಭೆ ಎಂಥ ಪಾಠಶಾಲೆಯಾಗಿದ್ದಿತೆಂಬುದು ತಿಳಿಯುತ್ತದೆ.

ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಹಾಡು. ಅದರಲ್ಲಿ ಪಲ್ಲವಿ ಉಳಿಯಿತು, ಚರಣ ಉಳಿಯಿತು. ಸಭೆಗಾಗಿ ಬೆಳೆದ ವಿಸ್ತಾರ ಉಳಿಯಲಿಲ್ಲ, ಆ ಕೂಗಂತೂ ಉಳಿಯಲೇ ಇಲ್ಲ. ಲೀಲಾ ಅವರು 2010ರಲ್ಲಿ ತೀರಿಕೊಂಡರು. ಅವರನ್ನು ಕೇಳಿದವರು ದಾವಣಗೆರೆ, ಹರಿಹರಗಳ ಓಣಿಗಳಲ್ಲಿ ಇನ್ನೂ ಇದ್ದಾರೆ. ಅವರ ವಯಸ್ಸು ನಮಗಾಗಿ ಕಾಯದು. ನಮ್ಮ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಇಷ್ಟನ್ನಾದರೂ ಕೇಳಿ ಬರೆದಿಡಬೇಕು: ಯಾವ ನಾಟಕ, ಯಾವ ಹಾಡು, ಯಾವ ಸಾಲಿಗೆ ನೀವು ‘ಒನ್ಸ್ ಮೋರ್’ ಎಂದಿರಿ?