ಕಂಕನಾಡಿಯ ಗುಳಿಗೆ: ಹೋಮಿಯೋಪತಿಯಲ್ಲಿ ವಿಶ್ವಾಸ ಮತ್ತು ಪುರಾವೆ

ಕರ್ನಾಟಕದ ಹೋಮಿಯೋಪತಿಯ ಚರಿತ್ರೆ ಬರೆಯಹೊರಟವರು ಮಂಗಳೂರಿನ ಕಂಕನಾಡಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜರ್ಮನ್ ಮೂಲದ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. ಒಂದು ಪದ್ಧತಿ ಜನರ ವಿಶ್ವಾಸ ಗಳಿಸಿದ ಬಗೆಯನ್ನೂ ಅದರ ಔಷಧಿಯ ಗುಣವನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕೆಂಬುದು ಪ್ರಸ್ತುತ ಲೇಖನದ ವಾದ.

ಈ ಪದ್ಧತಿಯ ಜನಕ, ಜರ್ಮನ್ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್ (1755–1843) 1790ರಲ್ಲಿ ಸ್ಕಾಟಿಷ್ ವೈದ್ಯ ಕಲೆನ್‌ನ ಔಷಧಗ್ರಂಥವನ್ನು ಜರ್ಮನ್ ಭಾಷೆಗೆ ತರುತ್ತಿದ್ದಾಗ ಚಳಿಜ್ವರಕ್ಕೆ ಮದ್ದಾಗಿದ್ದ ಸಿಂಕೋನಾ ತೊಗಟೆಯನ್ನು ಸ್ವತಃ ಸೇವಿಸಿ, ಅದೇ ಜ್ವರದ ಲಕ್ಷಣಗಳು ತಮ್ಮಲ್ಲಿ ಕಂಡವೆಂದು ದಾಖಲಿಸಿದರು. ಯಾವ ದ್ರವ್ಯ ಆರೋಗ್ಯವಂತರಲ್ಲಿ ಒಂದು ಲಕ್ಷಣವನ್ನು ಹುಟ್ಟಿಸುತ್ತದೋ ಆ ದ್ರವ್ಯವೇ ರೋಗಿಯಲ್ಲಿ ಅದನ್ನು ನೀಗಿಸುತ್ತದೆಂಬ ತತ್ತ್ವ 1796ರ ಪ್ರಬಂಧದಲ್ಲಿ ಮೂಡಿ, 1810ರ ‘ಆರ್ಗನಾನ್’ ಗ್ರಂಥದಲ್ಲಿ ಸಿದ್ಧಾಂತವಾಯಿತು. ರಕ್ತ ಹರಿಸುವುದು, ಪಾದರಸ ತಿನ್ನಿಸುವುದೇ ವೈದ್ಯವಾಗಿದ್ದ ಆ ಕಾಲದಲ್ಲಿ ಸೌಮ್ಯ ಔಷಧಿ ರೋಗಿಗೆ ಹಿತವೆನಿಸಿದ್ದು ಸಹಜ.

ತಯಾರಿಕೆಯ ಕ್ರಮ ಹೀಗಿದೆ: ಮದರ್ ಟಿಂಕ್ಚರಿನ (ಮೂಲದ್ರವ್ಯದ ಸಾರದ) ಒಂದು ಹನಿಗೆ 99 ಹನಿ ಮದ್ಯಸಾರ ಬೆರೆಸಿ ಬಲವಾಗಿ ಕುಲುಕಿದರೆ 1ಸಿ. ಅದರ ಒಂದು ಹನಿಗೆ ಮತ್ತೆ 99 ಹನಿ ಬೆರೆಸಿದರೆ 2ಸಿ. ಹೀಗೆ 30 ಸಲ ಮಾಡಿದ ದ್ರಾವಣವನ್ನು ಸಕ್ಕರೆ ಗುಳಿಗೆಗಳಿಗೆ ಹನಿಸುತ್ತಾರೆ. ಅವೊಗಾಡ್ರೊ ಸಂಖ್ಯೆಯ (ಒಂದು ಮೋಲ್ ದ್ರವ್ಯದಲ್ಲಿರುವ ಅಣುಗಳ ಸಂಖ್ಯೆಯ) ಲೆಕ್ಕದಲ್ಲಿ, 12ಸಿ ದಾಟಿದ ಮೇಲೆ ಮೂಲದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವ ತೀರಾ ಕಡಿಮೆ. 30ಸಿಯಲ್ಲಿ ಇಲ್ಲವೆಂದೇ ಹೇಳಬೇಕು.

ಪ್ರಯೋಗಗಳ ಫಲಿತಾಂಶವೂ ಇದಕ್ಕೆ ವಿರುದ್ಧವಾಗಿಲ್ಲ. 2005ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಪ್ರಕಟಿಸಿದ ವಿಶ್ಲೇಷಣೆ 110 ಹೋಮಿಯೋಪತಿ ಪ್ರಯೋಗಗಳನ್ನು ಅಷ್ಟೇ ಸಂಖ್ಯೆಯ ಆಧುನಿಕ ವೈದ್ಯದ ಪ್ರಯೋಗಗಳೊಡನೆ ತೂಗಿ ನೋಡಿತು. ದೊಡ್ಡ, ಗುಣಮಟ್ಟದ ಪ್ರಯೋಗಗಳಲ್ಲಿ ಹೋಮಿಯೋಪತಿಯ ಪರಿಣಾಮ ಪ್ಲಾಸಿಬೊವನ್ನು (ಔಷಧಾಂಶವಿಲ್ಲದ ಹುಸಿಮದ್ದನ್ನು) ಮೀರುವುದಕ್ಕೆ ಬಲವಾದ ಆಧಾರ ಸಿಗಲಿಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯೂ 2015ರಲ್ಲಿ ಇದೇ ತೀರ್ಮಾನಕ್ಕೆ ಬಂದಿತು.

ಹಾಗಿದ್ದರೂ ಜನರ ವಿಶ್ವಾಸವನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ವೈದ್ಯರು ರೋಗಿಯ ನಿದ್ದೆ, ಊಟ, ಭಯ, ಸ್ವಭಾವಗಳನ್ನೆಲ್ಲ ಕೇಳಿ ಬರೆದುಕೊಳ್ಳುತ್ತಾರೆ, ಖರ್ಚು ಕಡಿಮೆ, ನೆಗಡಿಯಂಥ ಕಾಯಿಲೆಗಳು ತಾವಾಗಿಯೇ ಇಳಿಯುತ್ತವೆ. ಕಂಕನಾಡಿ ಗಳಿಸಿದ ಗೌರವಕ್ಕೆ ಯಾರೂ ಮುಟ್ಟದ ಕುಷ್ಠರೋಗಿಯನ್ನು ಒಳಗೆ ಕರೆದ ಸೇವೆಯೇ ದೊಡ್ಡ ಕಾರಣ. ಮುಲ್ಲರ್ ಹೆಸರಿನ ಸಂಸ್ಥೆಯೇ 1985ರಲ್ಲಿ ಹೋಮಿಯೋಪತಿ ಕಾಲೇಜನ್ನೂ 1999ರಲ್ಲಿ ಆಧುನಿಕ ವೈದ್ಯಕೀಯ ಕಾಲೇಜನ್ನೂ ಆರಂಭಿಸಿತು.

1973ರ ಕೇಂದ್ರ ಕಾಯಿದೆ ಹೋಮಿಯೋಪತಿ ಶಿಕ್ಷಣಕ್ಕೆ ಮಾನ್ಯತೆ ಕೊಟ್ಟಿತು. 2020ರ ಕಾಯಿದೆ ಅದರ ಜಾಗಕ್ಕೆ ಬಂದಿತು. ಕಾನೂನಿನ ಮಾನ್ಯತೆ ಪ್ರಯೋಗದ ಪುರಾವೆಗೆ ಬದಲಿಯಾಗದು. ಕ್ಷಯ, ಮಧುಮೇಹ, ಕ್ಯಾನ್ಸರಿನಂಥ ರೋಗಗಳಲ್ಲಿ ಗುಳಿಗೆಯನ್ನು ನಂಬಿ ಸಾಬೀತಾದ ಚಿಕಿತ್ಸೆಯನ್ನು ಮುಂದೂಡುವುದು ಅಪಾಯಕರ. ರೋಗಿಯ ಮಾತನ್ನು ಪೂರ್ತಿ ಕೇಳುವ ವ್ಯವಧಾನವನ್ನು ಮಾತ್ರ ಎಲ್ಲ ವೈದ್ಯಪದ್ಧತಿಗಳೂ ಹೋಮಿಯೋಪತಿಯಿಂದ ಕಲಿಯಬೇಕು.